ಡ್ರಮ್ಮುಗಳ ನಡುವೆ

ಸೊಹಾರಿನ ನಮ್ಮ ಶಾಲೆಯಲ್ಲಿ ಈ ವರ್ಷ
ಹೊಸದೊಂದು ಕಾಲಂ ಬಂದಿದೆ.
ಪರೀಕ್ಷೆಗೆ ಎಂಬತ್ತು, ಪ್ರಾಜೆಕ್ಟಿಗೆ ಹದಿನೈದು,
ಉಳಿದ ಐದು ಅಂಕ
ತಾನು ಹೇಗೆ ಕಲಿತೆನೆಂದು
ಮಗು ತನ್ನೊಳಗೆ ಇಣುಕಿ ನೋಡಿದ್ದಕ್ಕೆ.

ಇಣುಕಿದ್ದು ಎಷ್ಟು ಆಳ?
ಅಳೆಯಲು ಪಟ್ಟಿ ಕೊಟ್ಟಿದ್ದಾರೆ, ಲ್ಯಾಮಿನೇಟ್ ಮಾಡಿ.
ಆದದ್ದನ್ನಷ್ಟೇ ಹೇಳಿದರೆ ಒಂದು.
ಯಾಕಾಯಿತೆಂದರೆ ಎರಡು.
ತಪ್ಪನ್ನು ಹೆಸರಿಟ್ಟು ಕರೆದರೆ ಮೂರು.
ಮುಂದೇನು ಬದಲಿಸುವೆನೆಂದು ಬರೆದರೆ ನಾಲ್ಕು.
ಐದು ಯಾರಿಗೆ, ಮೀಟಿಂಗಿನಲ್ಲಿ ಕೇಳಿದೆ.
ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿಕೊಂಡರು:
ಕಂಡಾಗ ನಿಮಗೇ ಗೊತ್ತಾಗುತ್ತದೆ ಟೀಚರ್.

ರಾತ್ರಿ ಹತ್ತೂವರೆ.
ಎ.ಸಿ. ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ
ಎಂಟನೇ ಕ್ಲಾಸಿನ ಮೂವತ್ತೊಂಬತ್ತು ಅಂತರಂಗಗಳು
ರಬ್ಬರ್ ಬ್ಯಾಂಡಿನಲ್ಲಿ.

ಬೀಜಗಣಿತ ನನ್ನನ್ನು ಉತ್ತಮ ಮನುಷ್ಯಳನ್ನಾಗಿ ಮಾಡಿತು,
ಇನ್ನು ಮೇಲೆ ದಿನಾ ಬದಲಾಗುತ್ತೇನೆ, ಎಂದು ಶಝ್ನಾ.
ಮಾತೆಲ್ಲ ಪಟ್ಟಿಯದೇ. ಪಟ್ಟಿ ಓದಿ ಹೇಳಿದವಳು ನಾನೇ. ನಾಲ್ಕು.
ಎಲ್ಡೋ: ಮೊದಲು ಬರುತ್ತಿರಲಿಲ್ಲ, ಈಗ ಬರುತ್ತದೆ. ಒಂದು.
ಮುಬಶಿರ್: ಅಣ್ಣ ಬೈದ, ಕಲಿತೆ.
ಕಾರಣ ಇದೆಯಲ್ಲ, ಎರಡು.

ಲವಿಟಾ ಬರೆದು ಬರೆದು ಅಳಿಸಿದ್ದಾಳೆ.
ಉಜ್ಜಿದಲ್ಲಿ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು.
ಉಳಿದದ್ದು ಒಂದೇ ಸಾಲು,
ಇಂಗ್ಲಿಷಿನದು, ನನಗೆ ಕನ್ನಡದಲ್ಲಿ ಕೇಳಿಸಿತು:
ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್.
ಮಾಡ್ಲಿಕ್ಕೆ ಬರ್ತದೆ ಟೀಚರ್. ನಂಬ್ಲಿಕ್ಕೆ ಬರ್ತಿಲ್ಲ.

ಇದಕ್ಕೆಷ್ಟು?
ಪಟ್ಟಿ ತಿರುಗಿಸಿದೆ. ಹಿಂದುಗಡೆ ಏನೂ ಇಲ್ಲ,
ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಟ್ಯೂಬ್‌ಲೈಟು,
ಅದರಡಿ ನನ್ನ ಅರ್ಧ ಮುಖ.

ಇನ್ನೊಂದು ಸಂಗತಿ ಶಾಲೆಗೆ ಗೊತ್ತಿಲ್ಲ.
ಡ್ರೈವಿಂಗಿನ ಡ್ರಮ್ ಟೆಸ್ಟಿನಲ್ಲಿ ನಾನು ಮೂರು ಸಲ ಫೇಲು.
ನಾಲ್ಕು ಡ್ರಮ್ಮು, ನಡುವೆ ಒಂದು ಕಾರಿನ ಜಾಗ,
ಹಿಂದೆ ಹಿಂದೆ ಬಂದು ನಿಲ್ಲಬೇಕು. ಅಷ್ಟೇ.
ಪ್ರತಿ ಸಲ ಎಡಗಡೆಯದು ಢಣ್ ಎನ್ನುತ್ತದೆ,
ಬೇಲಿಯಾಚೆ ಕರಕ್ ಚಹಾ ಹೀರುವವರೆಲ್ಲ ತಿರುಗುತ್ತಾರೆ.

ಕಲಿಸುವ ಖಲ್ಫಾನ್ ಅರವತ್ತು ದಾಟಿದವರು. ಬೈಯುವುದಿಲ್ಲ.
ಇಳಿದು, ಬಿದ್ದ ಮಗುವನ್ನು ಎತ್ತಿದ ಹಾಗೆ ಡ್ರಮ್ಮನ್ನೆತ್ತಿ ನಿಲ್ಲಿಸಿ,
ಕಿಟಕಿಗೆ ಬಗ್ಗಿ, ಹರಕು ಹಿಂದಿಯಲ್ಲಿ:
ಕನ್ನಡಿಯಲ್ಲಿ ಏನು ಕಂಡಿತು?
ಡ್ರಮ್ಮು.
ಕಂಡ ಮೇಲೂ?
ಕಂಡ ಮೇಲೂ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಬೆನ್ನಿನದಕ್ಕೆ?
ನನ್ನ ತಪ್ಪಿನ ಮೇಲೆ ನಾನು ಎರಡು ಪುಟ ಬರೆಯಬಲ್ಲೆ:
ಸ್ಟೇರಿಂಗ್ ತಡವಾಗಿ ತಿರುಗಿಸಿದೆ, ಹೆದರಿ ಕ್ಲಚ್ ಬಿಟ್ಟೆ,
ಮುಂದಿನ ಸಲ ಹೀಗೆ ಮಾಡೆನು.
ಹೆಸರಿಟ್ಟು ಕರೆದದ್ದಾಯಿತು, ಬದಲಿಸುವುದೂ ಆಯಿತು,
ಸಲೀಸಾಗಿ ನಾಲ್ಕು ಅಂಕ.
ಡ್ರಮ್ಮು ಅದನ್ನು ಓದುವುದಿಲ್ಲ.

ಇವತ್ತು ಸಂಜೆ, ರಿಫೈನರಿಯ ಬೆಂಕಿ ದೂರದಲ್ಲಿ ಅಲುಗುತ್ತಿರಲು,
ಕಾರು ಸುಮ್ಮನೆ ಹಿಂದೆ ಸರಿದು
ಡ್ರಮ್ಮುಗಳ ನಡುವೆ ಹೋಗಿ ನಿಂತುಬಿಟ್ಟಿತು.
ಸದ್ದಿಲ್ಲ.
ನಾನು ಆಗ ಯೋಚಿಸುತ್ತಿದ್ದದ್ದು ನಾಳೆಯ ಹಿಟ್ಟು ನೆನೆಹಾಕಿದೆನೋ ಇಲ್ಲವೋ ಎಂದು.
ಹೇಗೆ ಬಂದಿರಿ, ಖಲ್ಫಾನ್ ಕೇಳಿದರು.
ಗೊತ್ತಿಲ್ಲ.
ಅವರು ತಲೆಯಾಡಿಸಿದರು, ಬಹಳ ಸಂತೋಷವಾದವರಂತೆ.
ಹಾಗಾದರೆ ಇನ್ನೊಮ್ಮೆ.

ಇನ್ನೊಮ್ಮೆ ಢಣ್.

ಈಗ ಹನ್ನೆರಡಾಯಿತು. ಬಕೆಟ್ಟು ತುಂಬಿದೆ.
ಖಾಲಿ ಬಿಟ್ಟು ನೋಡಿದೆ, ಕಂಪ್ಯೂಟರ್ ಒಪ್ಪಲಿಲ್ಲ,
ಕೆಂಪು ಚೌಕ ಮಿಟುಕಿಸಿತು.
ಮೂರು ಹಾಕಿದೆ. ತೆಗೆದೆ. ಐದು ಹಾಕಿದೆ,
ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಆಮೇಲೆ ಲವಿಟಾಳ ಹಾಳೆಯ ಅಂಚಿಗೆ,
ಹರಿಯದ ಹಾಗೆ, ಪೆನ್ಸಿಲಿನಲ್ಲಿ,
ಅವಳಿಗೆ ಓದಲು ಬಾರದ ಕನ್ನಡದಲ್ಲಿ,
ಅಮ್ಮನನ್ನು ಕೇಳಿ ತಿಳಿದುಕೊಳ್ಳಲಿ ಎಂದು,
ಬರೆದೆ:
ನನಗೂ.